ಹೊಲಿಗೆಯೊಳಗಿನ ನಾಯಿ

ಟಕ್... ಟಕ್... ಟಕ್. ಆಮೇಲೆ ಉದ್ದಕ್ಕೆ ಒಂದು ಸರ್ರ್ರ್...

ಮೊದಲಿನ ಮೂರು ಸದ್ದು, ಕಾಗದದ ದಪ್ಪ ಕಟ್ಟಿಗೆ ಮೊಳೆ ಹೊಡೆದು ತೂತು ಮಾಡುವುದು. ಕೊನೆಯದು, ಆ ತೂತುಗಳಲ್ಲಿ ಮೇಣ ತಿಕ್ಕಿದ ದಾರವನ್ನು ದಬ್ಬಳದಿಂದ ಎಳೆಯುವುದು. ಆರ್.ಟಿ. ನಗರದ ನಮ್ಮ ಕ್ರಾಸಿನಲ್ಲಿ ಸಂಜೆ ಹೊತ್ತು ಈ ಸದ್ದು ಕೇಳಿಸಿತೆಂದರೆ ಲೈಬ್ರರಿಗೆ ಹೊಸ ಕಾಮಿಕ್ ಬಂದಿದೆ ಅಂತ ಎಲ್ಲರಿಗೂ ಗೊತ್ತು. ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಬ್ಯಾಟನ್ನು ಅಲ್ಲೇ ಬಿಸಾಕಿ ಓಡುತ್ತಿದ್ದರು. ವಿಕೆಟ್ಟಿಗೆ ಇಟ್ಟ ಕಲ್ಲುಗಳು ಮಾತ್ರ ರಸ್ತೆ ಮಧ್ಯೆ ಉಳಿಯುತ್ತಿದ್ದವು.

ಈಗ ನಾನಿರುವುದು ಕೆಂಪಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಕೆಳಗಡೆ ಖಾಲಿ ಬಿದ್ದಿದ್ದ ರೂಮನ್ನು ಮಕ್ಕಳ ರೀಡಿಂಗ್ ರೂಮ್ ಮಾಡಲು ಹೊರಟಿದ್ದರು. ಹೋದ ತಿಂಗಳು ಬಡಗಿ ಅಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಟಕ್, ಟಕ್, ಟಕ್ ಎಂದು ಮೂರು ಏಟು ಹಾಕಿ ನಿಲ್ಲಿಸಿದ. ಲಿಫ್ಟಿನ ಮುಂದೆ ನಿಂತಿದ್ದ ನಾನು ಆ ಸರ್ರ್ರ್‌ಗಾಗಿ ಕಾಯುತ್ತಾ ಹಾಗೇ ನಿಂತುಬಿಟ್ಟೆ. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಸಿಲ್ಲಿ ಓಲ್ಡ್ ವುಮನ್, ಎಂದು ನನ್ನನ್ನೇ ಬೈದುಕೊಂಡೆ.

ಅಷ್ಟರಲ್ಲಿ ನಮ್ಮ ಅಸೋಸಿಯೇಶನ್ ಸೆಕ್ರೆಟರಿ ಅಲ್ಲಿಗೆ ಬಂದರು. ಒಳ್ಳೆಯ ಮನುಷ್ಯ, ಯಾವಾಗಲೂ ಅವಸರ.

"ಆಂಟಿ, ಸರಿಯಾದ್ ಟೈಮಿಗೆ ಸಿಕ್ಕಿದ್ರಿ. ಮಕ್ಕಳಿಗೆ ಕಾಮಿಕ್ಸ್ ಪ್ರಿಂಟ್ ತರ್ಸೋಣ್ವಾ, ಇಲ್ಲಾ ದೊಡ್ಡ ಟ್ಯಾಬ್ ಇಟ್ಟು ಡಿಜಿಟಲ್ ಹಾಕ್ಸೋಣ್ವಾ? ಕಮಿಟಿಯಲ್ಲಿ ಅರ್ಧ ಜನ ಹಿಂಗೆ, ಅರ್ಧ ಜನ ಹಂಗೆ. ನೀವು ಟೀಚರ್ ಆಗಿದ್ದೋರು, ನೀವ್ ಹೇಳ್ದಂಗೆ."

ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ನಾನು ಪ್ರಿಂಟ್ ಅನ್ನುತ್ತೇನೆ ಎಂದೇ ಅವರು ನಂಬಿದ್ದರು. ಎಪ್ಪತ್ತು ದಾಟಿದ, ಕಾನ್ವೆಂಟಿನಲ್ಲಿ ಓದಿ ಕಾನ್ವೆಂಟಿನಲ್ಲೇ ಇಂಗ್ಲಿಷ್ ಪಾಠ ಮಾಡಿದ ಮುದುಕಿ ಇನ್ನೇನು ಹೇಳಿಯಾಳು? ನಾನು ಎರಡು ದಿನ ಟೈಮ್ ಕೇಳಿದೆ. ಯಾಕೆಂದರೆ ಈ ಪ್ರಶ್ನೆ ನನಗೆ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ಒಬ್ಬರ ಮುಂದೆ ಕೂತು ಎದುರಿಸಿದ್ದೆ. ನಲವತ್ತು ವರ್ಷ ಊರಿಗೆಲ್ಲ ಕಾಮಿಕ್ ಓದಿಸಿದ ಆ ಮನುಷ್ಯ, ಕಣ್ಣು ಕೈಕೊಟ್ಟ ಮೇಲೆ ತಾವೇ ಇನ್ನೊಂದು ಕಾಮಿಕ್ ಓದುತ್ತಾರೋ ಇಲ್ಲವೋ... ಆಗ ನಮ್ಮ ಮುಂದಿದ್ದದ್ದು ಅಷ್ಟೇ.

ಮಕ್ಕಳೆಲ್ಲ ಅವರನ್ನು ಲೈಬ್ರರಿ ಅಂಕಲ್ ಎನ್ನುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರಷ್ಟೇ, ಆದರೂ ನಾನೂ ಕೊನೆಯವರೆಗೆ ಲೈಬ್ರರಿ ಅಂಕಲ್ ಎಂದೇ ಕರೆದೆ.

ಅವರನ್ನು ಮೊದಲು ನೋಡಿದ್ದು ಜಗಳಕ್ಕೆ ಹೋದಾಗ. ನಾನಾಗ ಹೊಸ ಟೀಚರ್. ಇಸ್ತ್ರಿ ಹಾಕಿದ ಸೀರೆ, ಮೂಗಿನ ತುದಿಯಲ್ಲಿ ಡಿಸಿಪ್ಲಿನ್. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಜಿಯಾಗ್ರಫಿ ಪುಸ್ತಕದೊಳಗೆ ಕಾಮಿಕ್ ಇಟ್ಟುಕೊಂಡು ಓದುತ್ತಿದ್ದಳು. ಕಿತ್ತುಕೊಂಡೆ. ಹಿಂದಿನ ರಟ್ಟಿನ ಮೇಲೆ ಲೈಬ್ರರಿಯ ಸೀಲು. ಸ್ಕೂಲು ಬಿಟ್ಟ ಕೂಡಲೇ ನೇರ ಅಲ್ಲಿಗೆ ನಡೆದೆ. ಮನೆಯ ಮುಂದಿನ ರೂಮನ್ನೇ ಅಂಗಡಿ ಮಾಡಿದ್ದರು. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಪುಸ್ತಕ, ಮಧ್ಯದಲ್ಲಿ ಒಂದು ಮಣೆ, ಮಣೆಯ ಹಿಂದೆ ತೋಳು ಮಡಚಿದ ಬಿಳಿ ಶರ್ಟಿನ ಮನುಷ್ಯ.

"ಇದು ನಿಮ್ಮದಾ?" ಎಂದು ಕಾಮಿಕ್ ಮುಂದೆ ಹಿಡಿದೆ.

"ನಂದೇ," ಎಂದವರೇ ಪುಸ್ತಕ ತೆಗೆದುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸಿ ನೋಡಿದರು. "ಬೆನ್ನು ಮುರಿದಿಲ್ಲ. ಶುಕ್ರ್ ಹೈ, ದೇವರ ದಯೆ."

"ಹುಡುಗಿ ತಲೆ ಹಾಳಾಗ್ತಿದೆ, ನೀವು ಪುಸ್ತಕದ ಬೆನ್ನು ನೋಡ್ತಿದೀರಾ?"

"ಟೀಚರಮ್ಮ, ತಲೆ ನಿಮ್ಮ ಡಿಪಾರ್ಟ್‌ಮೆಂಟು. ಬೆನ್ನು ನಂದು."

ಇದಕ್ಕೆ ಏನು ಹೇಳಬೇಕೆಂದು ನಮ್ಮ ಸಿಸ್ಟರ್‌ಗಳು ನನಗೆ ಕಲಿಸಿರಲಿಲ್ಲ. ಅವರು ಒಂದು ಸ್ಟೂಲು ಎಳೆದು, ಇನ್ನೊಂದು ಪುಸ್ತಕ ಕೊಟ್ಟು, "ಬೈಯೋದಿದ್ರೆ ಓದಿ ಬೈರಿ," ಎಂದರು. ಕನ್ನಡ ಕಾಮಿಕ್. ನಮ್ಮ ಸ್ಕೂಲಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ಕನ್ನಡವನ್ನು ನಾನು ಬಸ್ಸಿನ ಬೋರ್ಡು ಓದುವಷ್ಟಕ್ಕೆ ಮಾತ್ರ ಇಟ್ಟುಕೊಂಡಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಓದಿ ಮುಗಿಸುವಾಗ ಆರೂವರೆ. ಎರಡನೇ ಭಾಗ ಕೇಳಿ ತೆಗೆದುಕೊಂಡು ಮನೆಗೆ ಬಂದೆ... ಬೈಯುವುದು ಮರೆತೇ ಹೋಗಿತ್ತು. ಇವತ್ತು ನಾನು ಇಷ್ಟುದ್ದ ಕನ್ನಡ ಬರೆಯುತ್ತಿದ್ದರೆ ಅದು ಆ ಸ್ಟೂಲಿನ ಮೇಲೆ ಕಲಿತದ್ದು.

ಅವರ ಕೆಲಸದ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಮಿಕ್ ಬರುವಾಗ ಎರಡು ಪಿನ್ನಿನ ತೆಳ್ಳನೆ ಪುಸ್ತಕ. ಹತ್ತು ಮಕ್ಕಳ ಕೈ ದಾಟುವಷ್ಟರಲ್ಲಿ ಹರಿದು ಹೋಗುತ್ತದೆ. ಆದ್ದರಿಂದ ಅವರು ಪಿನ್ನು ಕಿತ್ತು, ನಾಲ್ಕು ಕಾಮಿಕ್ ಒಟ್ಟಿಗೆ ಜೋಡಿಸಿ, ಸ್ವೀಟ್ ಬಾಕ್ಸಿನ ರಟ್ಟು ಎರಡೂ ಕಡೆ ಇಟ್ಟು, ಮೊಳೆಯಿಂದ ಮೂರು ತೂತು ಹೊಡೆದು ಹೊಲಿಯುತ್ತಿದ್ದರು. ಮೇಲೆ ಮೈಲುತುತ್ತ ಬೆರೆಸಿದ ಮೈದಾ ಗೋಂದು, ಬೆನ್ನಿಗೆ ಬಟ್ಟೆಯ ಪಟ್ಟಿ. ಆ ಪುಸ್ತಕವನ್ನು ಹೆಬ್ಬಾಳದ ಕೆರೆಗೆ ಎಸೆದು ತೆಗೆದರೂ ಬಿಚ್ಚುತ್ತಿರಲಿಲ್ಲವೇನೋ.

ಆದರೆ ಗಟ್ಟಿ ಬರಲಿ ಎಂದು ಅವರು ಅಂಚಿನಿಂದ ಒಂದು ಬೆರಳಗಲ ಒಳಗೆ ಹೊಲಿಯುತ್ತಿದ್ದರು. ಪ್ರತಿ ಪುಟದ ಒಳಬದಿಯ ಆ ಒಂದು ಬೆರಳಗಲ ಚಿತ್ರ, ಮಾತು, ಎಲ್ಲ ಹೊಲಿಗೆಯೊಳಗೆ ಹೋಗುತ್ತಿತ್ತು. ಪುಸ್ತಕವನ್ನು ಅಗಲಿಸಿ ಇಣುಕೋಣವೆಂದರೆ ಆ ಲೈಬ್ರರಿಯಲ್ಲಿ ಅದೇ ಮಹಾಪರಾಧ. "ಏಯ್, ಬೆನ್ನು ಮುರೀಬೇಡ ಕಣೋ! ನಿನ್ನ ಬೆನ್ನು ಹಂಗ್ ಬಗ್ಗಿಸ್ಲಾ?" ಎಂದು ಮಣೆಯ ಹಿಂದಿನಿಂದ ಕೂಗು ಬರುತ್ತಿತ್ತು. ಹಾಗಾಗಿ ನಮ್ಮ ಕಡೆಯ ಮಕ್ಕಳೆಲ್ಲ ಪುಸ್ತಕವನ್ನು ಅರ್ಧ ತೆರೆದ ಬಾಗಿಲಿನಂತೆ ಹಿಡಿದು ಓದುವುದನ್ನು ಕಲಿತರು. ಕಾಣದ ಮಾತನ್ನು ತಾವೇ ಸೇರಿಸಿಕೊಳ್ಳುತ್ತಿದ್ದರು. ನಾನೂ ಹಾಗೇ.

ಅವರಾದರೂ ಹೊಲಿಯುವ ಮೊದಲು ಓದಿಕೊಳ್ಳಬಹುದಿತ್ತಲ್ಲ? ಕೇಳಿದ್ದೆ. "ನಕ್ಕೋ, ಬೇಡ ಟೀಚರಮ್ಮ. ಗಿರಾಕಿಗೆ ಏನ್ ಕಾಣತ್ತೋ ನನಗೂ ಅಷ್ಟೇ ಕಾಣ್ಬೇಕು. ಓನರ್ ಅಂತ ಜಾಸ್ತಿ ಓದೋದು ಮೋಸ," ಎಂದರು. ಹೊಲಿದು, ಸೀಲು ಹಾಕಿ, ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಅವರು ಪುಟ ತಿರುಗಿಸುತ್ತಿದ್ದದ್ದು. ಅಂಥ ಪ್ರಾಮಾಣಿಕತೆಯನ್ನು ನಾನು ಬೇರೆಲ್ಲೂ ನೋಡಿಲ್ಲ, ಅಂಥ ಹಟವನ್ನೂ.

ಈ ಹೊಲಿಗೆಯ ದೆಸೆಯಿಂದ ನಮ್ಮಿಬ್ಬರ ಮಧ್ಯೆ ಒಂದು ವಾದ ಹುಟ್ಟಿಕೊಂಡಿತು. ಒಂದು ಕೋಟೆಯ ಕತೆ. ಸೋತು ಗಾಯಗೊಂಡ ದಳವಾಯಿ ಕೋಟೆಯ ಹಿಂಬಾಗಿಲಿಗೆ ಬಂದು ನಿಂತಿದ್ದಾನೆ. ಹಿಂದೆ ಶತ್ರುಗಳ ಕುದುರೆ. ಒಳಗಿನಿಂದ ಯಾರೋ ಅಗುಳಿ ತೆಗೆದು ಅವನನ್ನು ಉಳಿಸುತ್ತಾರೆ. ಯಾರು? ಚಿತ್ರದಲ್ಲಿ ಅಗುಳಿಯ ಮೇಲೆ ಒಂದು ಕೈ, ಮಣಿಕಟ್ಟಿನವರೆಗೆ. ಮಿಕ್ಕಿದ್ದೆಲ್ಲ ಹೊಲಿಗೆಯ ಒಳಗೆ. ಮಂತ್ರಿಯ ಮಗಳು ಎಂದು ನಾನು. ಅವಳು ಮೊದಲಿನಿಂದ ದಳವಾಯಿಯ ಕಡೆ ನೋಡುತ್ತಿರುತ್ತಾಳೆ, ಇಟ್ ಈಸ್ ಆಬ್ವಿಯಸ್. ಅರಮನೆಯ ಅಡುಗೆ ಅಜ್ಜಿ ಎಂದು ಅವರು. "ಆ ಹಿಡಿತ ನೋಡಿ. ಬಿಸಿ ಪಾತ್ರೆ ಇಳಿಸಿ ಇಳಿಸಿ ಬಂದಿರೋ ಹಿಡಿತ ಅದು. ಮಂತ್ರಿ ಮಗಳು ಅಗುಳಿ ಮುಟ್ಟಿರ್ತಾಳಾ ಜನ್ಮದಲ್ಲಿ?" ಇನ್ನೊಂದು ಕಾಪಿಗಾಗಿ ನಾನು ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಮೂವತ್ತು ವರ್ಷ ಆ ವಾದ ಹಾಗೇ ನಡೆಯಿತು. ಹಬ್ಬಕ್ಕೆ ಶೀರ್ ಖುರ್ಮಾ ತಂದು ಕೊಟ್ಟು, "ಅಡುಗೆ ಅಜ್ಜಿ ಕಳ್ಸಿದ್ದು," ಎಂದು ನಗುತ್ತಿದ್ದರು.

ಟಿ.ವಿ. ಬಂತು, ವಿಡಿಯೋ ಗೇಮ್ ಬಂತು, ಮಕ್ಕಳು ಕಮ್ಮಿಯಾದರು. ಒಂದು ದಿನ ಅವರು ಶಟರ್ ಎಳೆದರು. ಪುಸ್ತಕಗಳು ಒಳಮನೆಯ ಎರಡು ಸ್ಟೀಲ್ ಬೀರುಗಳಿಗೆ ಹೋದವು. ಅದೇನೂ ಅವರನ್ನು ಅಷ್ಟು ಬಾಧಿಸಲಿಲ್ಲ. "ಈಗ ಎಲ್ಲಾ ನನಗೇ," ಎಂದು ದಿನಕ್ಕೊಂದು ತೆಗೆದು ಜಗಲಿಯಲ್ಲಿ ಕೂತು ಓದುತ್ತಿದ್ದರು. ಬಾಧಿಸಿದ್ದು ಕಣ್ಣು.

ಆ ಸುದ್ದಿ ಫೋನಿನಲ್ಲಿ ಹೇಳಿದವಳು ಅವರ ಸೊಸೆ. ಜಿಯಾಗ್ರಫಿ ಪುಸ್ತಕದೊಳಗೆ ಕಾಮಿಕ್ ಇಟ್ಟುಕೊಂಡಿದ್ದಳಲ್ಲ, ಅವಳೇ. ಅದೇ ಮನೆಯ ಮಗನನ್ನೇ ಮದುವೆಯಾಗಿ ಲೈಬ್ರರಿಯನ್ನೇ ಸೇರಿಕೊಂಡಳು. ಅವಳಿಗೆ ಐವತ್ತು ಹತ್ತಿರವಾಗುತ್ತಿದ್ದರೂ ನಾನು ಇನ್ನೂ ಮಿಸ್.

"ಮಿಸ್, ಅಬ್ಬಾಗೆ ಕಣ್ಣಿನ ನಡುವೆ ಮಸಿ ಬಳಿದಂಗೆ ಕಾಣತ್ತಂತೆ. ಸುತ್ತ ಕಾಣತ್ತೆ, ನೋಡೋ ಜಾಗ ಮಾತ್ರ ಕಾಣಲ್ಲ. ಆಪರೇಶನ್ ಮಾಡಿದ್ರೂ ಬರಲ್ಲ ಅಂದ್ರು ಡಾಕ್ಟರು. ಅಕ್ಷರ ತುಂಬಾ ದೊಡ್ಡದಿದ್ದು, ಬೆಳಕು ಚೆನ್ನಾಗಿದ್ರೆ ನಿಧಾನಕ್ಕೆ ಓದ್ಬಹುದಂತೆ. ಬುಕ್ ತಗೊಂಡ್ ಕೂರ್ತಾರೆ, ತಿರುಗಿಸ್ತಾರೆ, ಇಡ್ತಾರೆ. ಮಾತೇ ನಿಂತೋಗಿದೆ ಮಿಸ್."

ನಾನು ಒಂದು ದೊಡ್ಡ ಭೂತಗನ್ನಡಿ ಕೊಂಡುಕೊಂಡು ಹೋದೆ. ಅವರು ಜಗಲಿಯಲ್ಲಿ ಕೂತು ಅದನ್ನು ಪುಟದ ಮೇಲಿಟ್ಟರು. ಹೊರಬದಿಯ ಅರ್ಧ ಪುಟ ಹೇಗೋ ಕಂಡಿತು. ಆದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲವಲ್ಲ... ಒಳಬದಿಯಲ್ಲಿ ಪುಟ ಕಮಾನಿನಂತೆ ಬಾಗಿ ಹೊಲಿಗೆಯ ಕಡೆಗೆ ಇಳಿದು ಹೋಗುತ್ತದೆ. ಅಲ್ಲಿ ಗಾಜು ಕೂರುವುದೇ ಇಲ್ಲ. ಹಿಂದೆ ಒಂದು ಬೆರಳಗಲ ಹೋಗುತ್ತಿತ್ತು, ಈಗ ಅರ್ಧ ಪುಟವೇ ಹೋಯಿತು. ಯಾರೂ ಬಿಚ್ಚಲಾರದಂತೆ ತಾವೇ ಹೊಲಿದ ಪುಸ್ತಕ ಈಗ ಅವರನ್ನೇ ಒಳಗೆ ಬಿಡುತ್ತಿರಲಿಲ್ಲ.

"ಒಂದನ್ನ ಬಿಚ್ಚೋಣ ಲೈಬ್ರರಿ ಅಂಕಲ್," ಎಂದೆ. "ದಾರ ಕತ್ತರಿಸಿ, ಹಾಳೆ ಹಾಳೆ ಮಾಡಿ ಕೊಡ್ತೀನಿ. ಟೇಬಲ್ ಮೇಲೆ ಚಪ್ಪಟೆಯಾಗಿ ಇಟ್ಕೊಂಡು ಓದಿ."

ಅವರು ಪುಸ್ತಕದ ಮೇಲೆ ಕೈ ಇಟ್ಟುಬಿಟ್ಟರು. "ಬೆನ್ನು ಮುರೀಬೇಡಿ ಅಂತ ನಲವತ್ತು ವರ್ಷ ಮಕ್ಕಳಿಗೆ ಬೈದಿದೀನಿ. ಈಗ ನನಗೆ ಕಾಣಲ್ಲ ಅಂತ ಮುರೀಲಾ?"

ಸೊಸೆ ಒಳಗಿನಿಂದ ತನ್ನ ಟ್ಯಾಬ್ಲೆಟ್ ತಂದಳು. ಅವಳು ಮನೆಯಲ್ಲಿ ಟ್ಯೂಶನ್ ಹೇಳಲು ಇಟ್ಟುಕೊಂಡಿದ್ದದ್ದು. ಈಗ ನಿಜ ಹೇಳಿಬಿಡುತ್ತೇನೆ, ನನಗೆ ಅದು ಇಷ್ಟವಾಗಲಿಲ್ಲ. ಹಿಂದಿನ ವರ್ಷವಷ್ಟೇ ನಮ್ಮ ಸ್ಕೂಲಿನ ಓಲ್ಡ್ ಗರ್ಲ್ಸ್ ಮೀಟಿಂಗಿನಲ್ಲಿ ನಾನು ಅಚ್ಚಾದ ಪುಸ್ತಕದ ಪರವಾಗಿ ಭಾಷಣ ಮಾಡಿದ್ದೆ. ಕಾಗದದ ವಾಸನೆ, ಪುಟದ ಸದ್ದು, ಇತ್ಯಾದಿ ಇತ್ಯಾದಿ. ಗಾಜು ಉಜ್ಜುವವರಿಗೆ ಓದು ಹತ್ತುವುದಿಲ್ಲ ಎಂದಿದ್ದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಅಂಥವಳು ಹೇಗೆ ಹೂಂ ಅನ್ನಲಿ? ಸುಮ್ಮನೆ ಕೈ ಕಟ್ಟಿಕೊಂಡು ನೋಡುತ್ತಾ ಕೂತೆ. ಸಹಾಯ ಮಾಡಲಿಲ್ಲ.

ಅವರು ಅದನ್ನು ಊಟದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದರು. ಹೆಬ್ಬೆರಳು ಎಲ್ಲೋ ಒತ್ತಿ ಹತ್ತು ಪುಟ ಹಾರಿತು. ಸೊಸೆ ವಾಪಸ್ ತಂದಳು. ಮತ್ತೆ ಹಾರಿತು. ಕೊನೆಗೆ ಒಂದು ಪುಟ ನಿಂತಿತು. ಅವರು ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ, ನಿಧಾನವಾಗಿ ಹುಡುಕುತ್ತಾ ಬಂದರು. ಮೊದಲನೇ ಮಾತು ಸಿಗುವಷ್ಟರಲ್ಲಿ ಸ್ಕ್ರೀನು ತಾನಾಗಿ ಆರಿ ಕಪ್ಪಾಯಿತು.

"ನೋಡಿದ್ರಾ ಟೀಚರಮ್ಮ," ಎಂದರು, ಅದನ್ನು ದೂರ ತಳ್ಳಿ. "ಅದೂ ಕಣ್ ಮುಚ್ಕೊಂಡ್ತು. ನಕ್ಕೋ ಬೇಟಾ, ತಗೊಂಡ್ ಹೋಗು."

ಆವತ್ತು ಮನೆಗೆ ಬಂದ ಮೇಲೆ, ಅವರು ಸೋತದ್ದಕ್ಕಿಂತ, ಆ ಟ್ಯಾಬ್ಲೆಟ್ ಸೋತಾಗ ನನ್ನೊಳಗೆ ಒಂದು ಕ್ಷಣ ಸಣ್ಣ ಖುಷಿ ಆಯಿತಲ್ಲ, ಅದು ಚುಚ್ಚುತ್ತಿತ್ತು. ನನ್ನ ಭಾಷಣ ಗೆಲ್ಲಲಿ ಅಂತ ಆ ಮನುಷ್ಯ ಓದದೆ ಕೂರಬೇಕೇ? ಶೇಮ್ ಆನ್ ಯೂ, ಎಂದು ಕನ್ನಡಿ ನೋಡಿ ಹೇಳಿಕೊಂಡೆ.

ಮಾರನೇ ದಿನವೇ ಸೊಸೆಯ ಶಿಷ್ಯೆಯಾದೆ. ಆರನೇ ಕ್ಲಾಸಿನ ಹುಡುಗಿ ಮಿಸ್‌ಗೆ ಪಾಠ ಹೇಳಿದಳು. ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆ ಎಂದು ತೋರಿಸಿದಳು. ನಾನು ಅಗಲಿಸಿದೆ. ಒಂದು ಮುಖ, ಒಂದು ಮಾತು, ಇಡೀ ಸ್ಕ್ರೀನಿನ ತುಂಬಾ! ಅಕ್ಷರ ಬೆರಳುದ್ದ, ಹಿಂದಿನಿಂದ ಬೆಳಕು. ಡಾಕ್ಟರು ಹೇಳಿದ್ದ ಎರಡೂ ಅದರಲ್ಲೇ ಇತ್ತು. ಸ್ಕ್ರೀನು ಆರದಂತೆ ಮಾಡುವುದನ್ನೂ ಅವಳು ಹೇಳಿಕೊಟ್ಟಳು. ಆದರೆ ಅವರು ಮತ್ತೆ ಮುಟ್ಟಬೇಕಲ್ಲ?

"ಮಿಸ್, ಅಬ್ಬಾ ಒಂದ್ಸಲ ಬೇಡ ಅಂದ್ರೆ ಮುಗೀತು," ಎಂದಳು ಅವಳು. "ಅವರಾಗೇ ಕೈ ಹಾಕೋ ಥರ ಏನಾದ್ರೂ ಇರ್ಬೇಕು."

ನನಗೆ ಕೂಡಲೇ ಆ ಅಗುಳಿಯ ಮೇಲಿನ ಕೈ ನೆನಪಾಯಿತು. ಆ ಕಾಮಿಕ್ಕಿನ ಕಂಪನಿಯವರು ಹಳೆಯದನ್ನೆಲ್ಲ ಡಿಜಿಟಲ್ ಮಾಡಿ ಹಾಕಿದ್ದಾರೆಂದು ಅವಳು ಹುಡುಕಿ ಹೇಳಿದಳು. ಎರಡು ದಿನದ ಮೇಲೆ ನಮ್ಮ ಕೋಟೆಯ ಕತೆ ಸಿಕ್ಕಿತು. ಮೂವತ್ತು ವರ್ಷದ ಉತ್ತರ ಬೆರಳಿನ ತುದಿಯಲ್ಲಿ. ನೋಡಿಬಿಡಬಹುದಿತ್ತು. ನಾನು ನೋಡಲಿಲ್ಲ. ಅವಳಿಗೂ ನೋಡಬೇಡ ಎಂದೆ. ಗಿರಾಕಿಗೆ ಏನು ಕಾಣುತ್ತದೋ ಅಷ್ಟೇ.

ಶನಿವಾರ ಮಧ್ಯಾಹ್ನ ಜಗಲಿಗೆ ಹೋದೆವು. ಅವರ ಹಳೆಯ ಬೈಂಡಿಂಗ್ ಮಣೆಯನ್ನು ಅಟ್ಟದಿಂದ ಇಳಿಸಿ, ಎರಡು ಇಟ್ಟಿಗೆಗೆ ಓರೆಯಾಗಿ ಒರಗಿಸಿ, ಅದರ ಮೇಲೆ ಟ್ಯಾಬ್ಲೆಟ್ ಇಟ್ಟೆವು. ಹಿಡಿಯುವ ಗೋಜಿಲ್ಲ, ಹಾರುವ ಪುಟವಿಲ್ಲ.

"ಮತ್ತೆ ತಂದ್ರಾ ಆ ತಟ್ಟೇನ?" ಎಂದರು, ಮುಖ ತಿರುಗಿಸಿ.

"ಕೋಟೆ ಕತೆ ಇದೆ ಇದರಲ್ಲಿ," ಎಂದೆ. "ಹೊಲಿಗೆ ಇಲ್ಲದ್ದು. ಪೂರ್ತಿ ಪುಟ."

ತಿರುಗಿಸಿದ್ದ ಮುಖ ಈ ಕಡೆ ಬಂತು. ಆಮೇಲೆ ಬಹಳ ಮೆಲ್ಲಗೆ, "ನೀವ್ ನೋಡಿದ್ರಾ?" ಎಂದು ಕೇಳಿದರು.

"ಇಲ್ಲ."

"ಕಸಂ?"

"ಗಾಡ್ ಪ್ರಾಮಿಸ್."

ಕುರ್ಚಿಯನ್ನು ಮಣೆಯ ಹತ್ತಿರಕ್ಕೆ ಎಳೆದುಕೊಂಡರು. ಸೊಸೆ ಅವರ ಎರಡು ಬೆರಳನ್ನು ಹಿಡಿದು ಒಮ್ಮೆ ಅಗಲಿಸಿ ತೋರಿಸಿದಳು. ಅಷ್ಟೇ ಸಾಕಾಯಿತು. ಕಾಗದದ ಲಕ್ಷ ಮಡಿಕೆಗಳನ್ನು ನೀವಿದ ಬೆರಳುಗಳು ಅವು, ಒಂದೇ ಸಲಕ್ಕೆ ಹದ ಹಿಡಿದವು. ಕೊನೆಯ ಪುಟಕ್ಕೆ ನೇರ ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ ಗದರಿದರು. ಮೊದಲ ಪುಟದಿಂದಲೇ ಶುರು. ಒಂದೊಂದು ಚಿತ್ರ, ಒಂದೊಂದು ಮಾತು, ತಲೆ ಓರೆ ಮಾಡಿ, ತುಟಿ ಅಲ್ಲಾಡಿಸುತ್ತಾ. ಕನ್ನಡಕದ ಹಿಂದಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ಓದುತ್ತಿದ್ದರು... ಲೈಬ್ರರಿ ಅಂಕಲ್ ಓದುತ್ತಿದ್ದರು. ನಾನು ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಏಳನೇ ಪುಟದಲ್ಲಿ ಒಮ್ಮೆಲೇ ನಿಂತರು. ಬೆರಳಿನಿಂದ ಚಿತ್ರವನ್ನು ಆ ಕಡೆ ಸರಿಸಿದರು, ಈ ಕಡೆ ಸರಿಸಿದರು.

"ಅರೆ! ಇಲ್ಲಿ ನಾಯಿ ಇದೆ!"

"ಎಲ್ಲಿ?"

"ಇಲ್ಲಿ, ದಳವಾಯಿ ಹಿಂದೆ. ಕಪ್ಪು ನಾಯಿ. ಟೀಚರಮ್ಮ, ಈ ಕತೇಲಿ ನಾಯಿ ಇತ್ತಾ?"

ಇರಲಿಲ್ಲ. ಮೂವತ್ತು ವರ್ಷ ನಮ್ಮ ಕತೆಯಲ್ಲಿ ನಾಯಿಯೇ ಇರಲಿಲ್ಲ. ಮುಂದಿನ ಪುಟದಲ್ಲೂ ಇತ್ತು, ಅದರ ಮುಂದಿನದರಲ್ಲೂ, ಯಾವಾಗಲೂ ಒಳಬದಿಯಲ್ಲೇ. ದಳವಾಯಿ ಯಾಕೆ ಆಗಾಗ ಹಿಂದೆ ತಿರುಗಿ ಗಾಳಿಯ ಜೊತೆ ಮಾತಾಡುತ್ತಾನೆ ಎಂದು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಗಾಯದ ಜ್ವರಕ್ಕೆ ಭ್ರಮೆ ಎಂದು ನಾನು ಮಕ್ಕಳಿಗೆ ಸೈಕಾಲಜಿ ಬೇರೆ ಹೇಳಿದ್ದೆ! ಅವರು ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು. "ಹೊಲಿಗೆ ಒಳಗೆ ನಾಯಿ ಕೂಡ್ಸಿ ಹಾಕಿದೀನಿ, ಮೂವತ್ ವರ್ಷ! ಪಾಪ, ಬೊಗಳ್ಲೂ ಇಲ್ಲ ನೋಡಿ!"

ಕೊನೆಯ ಪುಟಕ್ಕೆ ಬರುವಾಗ ಮೂರೂವರೆ. ಅಗುಳಿ ಬಂತು, ಕೈ ಬಂತು. ಅವರು ಬೆರಳಿಟ್ಟು, ಚಿತ್ರವನ್ನು ನಿಧಾನವಾಗಿ ಬಲಕ್ಕೆ ಎಳೆದರು. ಮಣಿಕಟ್ಟು. ಮೊಣಕೈ. ಎತ್ತಿ ಕಟ್ಟಿದ ಸೆರಗು. ಸೊಂಟಕ್ಕೆ ಸಿಕ್ಕಿಸಿದ ಸೌಟು.

ಸೌಟು!

ಅವರು ಎದ್ದೇ ನಿಂತುಬಿಟ್ಟರು. ಎರಡೂ ಕೈ ಮೇಲಕ್ಕೆತ್ತಿ, ಬೀದಿಗೆಲ್ಲ ಕೇಳುವಂತೆ, "ಟೀಚರಮ್ಮ ಫೇಲು! ಅಡುಗೆ ಅಜ್ಜಿ ಪಾಸು!" ಎಂದು ಕೂಗಿದರು. ಎದುರಿನ ಹಿಟ್ಟಿನ ಗಿರಣಿಯವನು ಮೋಟಾರು ನಿಲ್ಲಿಸಿ ಓಡಿ ಬಂದ, ಏನೋ ಆಗಿದೆ ಎಂದು. ಅವನಿಗೂ ಸೌಟು ತೋರಿಸಿದ್ದಾಯಿತು. ನನ್ನ ಮೂವತ್ತು ವರ್ಷದ ವಾದ ಮಣ್ಣುಪಾಲು, ನನ್ನ ಭಾಷಣ ಮಣ್ಣುಪಾಲು, ನಾನು ಜಗಲಿಯ ಮೇಲೆ ಕೂತು ಕಣ್ಣೀರು ಬರುವಷ್ಟು ನಗುತ್ತಿದ್ದೆ. ಸೋತು ಅಷ್ಟು ಗೆದ್ದ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಬೀರುವಿನಲ್ಲಿದ್ದ ಪುಸ್ತಕಗಳಲ್ಲಿ ಯಾವುದು ಯಾವುದು ಡಿಜಿಟಲ್‌ನಲ್ಲಿ ಸಿಗುತ್ತದೋ ಒಂದೊಂದೇ ತರಿಸಿ ಓದಿದರು. ಪ್ರತಿಯೊಂದರ ಹೊಲಿಗೆಯಲ್ಲಿ ಏನು ಅಡಗಿತ್ತೆಂದು ಸೊಸೆಯ ಕೈಲಿ ಚೀಟಿ ಬರೆಸಿ, ಆ ಪುಸ್ತಕದ ಹಿಂದಿನ ರಟ್ಟಿಗೆ ತಾವೇ ಗೋಂದು ಹಚ್ಚಿ ಅಂಟಿಸಿದರು. 'ಪುಟ ಏಳು, ದಳವಾಯಿ ಹಿಂದೆ ಕಪ್ಪು ನಾಯಿ ಇದೆ.' 'ಪುಟ ಹನ್ನೆರಡು, ಕಳ್ಳ ಸಾರಿ ಅಂದಿದಾನೆ, ನಾವು ಕೆಟ್ಟೋನು ಅಂದ್ಕೊಂಡಿದ್ವಿ.' ಆಮೇಲೆ ಹಳೆಯ ರಿಜಿಸ್ಟರ್ ತೆಗೆಸಿ, ನಂಬರ್ ಹುಡುಕಿಸಿ, ಹಳೆಯ ಗಿರಾಕಿಗಳಿಗೆಲ್ಲ ಫೋನು. "ಏನ್ ಸಮಾಚಾರ? ನಾನು ಲೈಬ್ರರಿಯೋನು. ನಿಮಗೊಂದು ನಾಯಿ ಬಾಕಿ ಇದೆ, ಬಂದ್ ತಗೊಂಡ್ ಹೋಗಿ." ಯಲಹಂಕದಿಂದ, ಕೊಡಿಗೇಹಳ್ಳಿಯಿಂದ, ಯಶವಂತಪುರದ ಮಂಡಿಯಿಂದ ಜನ ಬಂದರು. ತಲೆ ನರೆತ ಹುಡುಗರು, ಬೊಜ್ಜು ಬಂದ ಹುಡುಗರು. ಒಬ್ಬೊಬ್ಬರೂ ತಮಗೆ ಇಷ್ಟವಾದ ಪುಸ್ತಕ ತೆಗೆದುಕೊಂಡು, ಜಗಲಿಯಲ್ಲೇ ಅರ್ಧ ತೆರೆದು ಹಿಡಿದು, ಚೀಟಿ ಓದಿ, ಮತ್ತೆ ಪುಟಕ್ಕೆ ಹೋಗಿ, ಬಾಯಿ ತೆರೆದು ನಿಲ್ಲುತ್ತಿದ್ದರು. ಯಾರೂ ಬೆನ್ನು ಮುರಿಯಲಿಲ್ಲ. ಬೀರುಗಳು ಹೀಗೆ ಖಾಲಿಯಾದವು. ಕೋಟೆಯ ಕತೆಯ ಪುಸ್ತಕ ನನಗೆ ಬಂತು, ಫೇಲಾದವರಿಗೆ ಎಂದು.

ಇದನ್ನೆಲ್ಲ ನೆನೆದು, ಸೆಕ್ರೆಟರಿ ಕೇಳಿದ ಎರಡು ದಿನದ ನಂತರ ಕಮಿಟಿಯ ಮುಂದೆ ನಾನು ಕೈ ಎತ್ತಿದೆ. "ಟ್ಯಾಬ್ಲೆಟ್. ಇರೋದ್ರಲ್ಲಿ ದೊಡ್ಡದು," ಎಂದೆ.

"ಆಂಟಿ, ನೀವಾ?" ಎಂದರು ಸೆಕ್ರೆಟರಿ.

"ನಾನೇ. ಮಕ್ಕಳು ಹೇಗಿದ್ರೂ ಓದ್ಕೋತಾರೆ ಕಣ್ರೀ, ಅವರ ಕಣ್ಣು ಚೆನ್ನಾಗಿದೆ. ಪುಸ್ತಕ ನಾವು ಮನೆ ಮನೆಯಿಂದ ತಂದಿಡ್ತೀವಿ. ಆದ್ರೆ ಬಿ ಬ್ಲಾಕಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ಸುಮ್ನೆ ವಯಸ್ಸಾದೋರು ಕೂತಿರ್ತಾರಲ್ಲ, ಅವರಿಗೆ ಏನು ಕಾಣತ್ತೆ ಅಂತ ಯಾರಾದ್ರೂ ಕೇಳಿದೀರಾ? ಮೊದಲು ಆ ಬೋರ್ಡಿನಿಂದ 'ಮಕ್ಕಳ' ಅನ್ನೋದನ್ನ ತೆಗೀರಿ."

ತೆಗೆದರು. ಈಗ ಬರೀ ರೀಡಿಂಗ್ ರೂಮ್. ನಿನ್ನೆ ಬಿ ಬ್ಲಾಕಿನ ಇಬ್ಬರು ಅಜ್ಜಂದಿರು ಟ್ಯಾಬ್ಲೆಟ್ಟಿನ ಮುಂದೆ ನಾನು ಮೊದಲು, ನೀನು ಮೊದಲು ಎಂದು ಕಿತ್ತಾಡಿದರಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ಈ ಜಂಬವನ್ನು ಹೇಳಿಕೊಳ್ಳಲು ಮಾತ್ರ ಲೈಬ್ರರಿ ಅಂಕಲ್ ಈಗಿಲ್ಲ. ಹ್ಞಾಂ, ಲೈಬ್ರರಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆ ಕಡೆ ಹೋದಾಗ ನಾನು ಎದುರಿನ ಫುಟ್‌ಪಾತಿನಲ್ಲಿ ನಡೆಯುತ್ತೇನೆ. ಆರ್.ಟಿ. ನಗರದಲ್ಲಿ ನನ್ನನ್ನು ಟೀಚರಮ್ಮ ಎನ್ನುವವರು ಇನ್ನು ಯಾರೂ ಇಲ್ಲ...

ಅವರನ್ನು ಕೊನೆಯ ಸಲ ನೋಡಿದ್ದು ನಾನು ಮನೆ ಬದಲಾಯಿಸುವ ದಿನ. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದೆ ಲಿಫ್ಟ್ ಇರುವ ಈ ಮನೆಗೆ ಬರುತ್ತಿದ್ದೆ. ಸಾಮಾನಿನ ಗಾಡಿ ಮುಂದೆ ಹೋಯಿತು. ನಾನು ಆಟೋದವನಿಗೆ ಐದು ನಿಮಿಷ ನಿಲ್ಲಲು ಹೇಳಿ ಇಳಿದೆ. ಹನ್ನೊಂದು ಗಂಟೆಯ ಬಿಸಿಲು ಜಗಲಿಯ ಅರ್ಧದವರೆಗೆ ಬಂದಿತ್ತು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ ಕೂತಿದ್ದರು. ಬಹಳ ಇಳಿದು ಹೋಗಿದ್ದರು. ನನ್ನ ಹೆಜ್ಜೆ ಕೇಳಿ, ನೋಡದೆಯೇ ಎಡಗೈಯ ಒಂದು ಬೆರಳನ್ನು ಎತ್ತಿದರು.

"ಒಂದ್ ನಿಮಿಷ ಟೀಚರಮ್ಮ. ಸೇತುವೆ ಮುರೀತಾ ಇದೆ. ಎಲ್ಲಾ ಮಧ್ಯದಲ್ಲೇ ಇದಾರೆ."

ನಾನು ಮೆಟ್ಟಿಲ ಮೇಲೆ ಕೂತೆ. ಸೊಸೆ ಟೀ ತಂದಳು, ಕುಡಿದೆ. ಅಬ್ಬಾ ಎಂದು ಕರೆಯಲು ಹೊರಟವಳನ್ನು ಕೈಸನ್ನೆ ಮಾಡಿ ತಡೆದೆ. ಆಟೋದವನು ಎರಡು ಸಲ ಹಾರ್ನ್ ಹೊಡೆದ. ಬೆರಳು ಗಾಜಿನ ಮೇಲೆ ಒಂದೊಂದೇ ಇಂಚು ಸರಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ನಾನು ಬಂದದ್ದು, ನಾನು ಹೋಗುವುದು, ಯಾವುದೂ ಅವರಿಗೆ ನೆನಪಿರಲಿಲ್ಲ. ಪುಸ್ತಕದಲ್ಲಿ ಮುಳುಗಿದವರನ್ನು ಮಾತಾಡಿಸುವುದು ಆ ಲೈಬ್ರರಿಯಲ್ಲಿ ಯಾವತ್ತೂ ನಡೆದಿರಲಿಲ್ಲ. ಲೋಟ ಕೆಳಗಿಟ್ಟು ಎದ್ದೆ. ಮಂಡಿ ಹಿಡಿದುಕೊಂಡು ಮೂರು ಮೆಟ್ಟಿಲು ಇಳಿದೆ. ರಸ್ತೆಯಿಂದ ಒಮ್ಮೆ ತಿರುಗಿ ನೋಡಿದೆ. ಅವರು ಪುಟ ತಿರುಗಿಸಿ, ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.